ಪಟ್ಟಿ ಬಾಯಿಪಾಠವಾಯಿತು, ಮಾತು ಮಾತ್ರ ಅರ್ಥವಾಗಲಿಲ್ಲ: ಫ್ರೇಸಲ್ ವರ್ಬ್ ಕಲಿತವರ ಅನುಭವಗಳು

ಪ್ರಶ್ನೆ

ನಾನು ದಾವಣಗೆರೆ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಬೆಂಗಳೂರಿನ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಇಂಗ್ಲಿಷ್ ವರದಿಗಳನ್ನು ಓದುವುದಾಗಲಿ ಪತ್ರ ಬರೆಯುವುದಾಗಲಿ ನನಗೆ ಕಷ್ಟವಲ್ಲ. ಆದರೆ ಲಂಡನ್ನಿನ ಸಹೋದ್ಯೋಗಿಗಳು ಫೋನಿನಲ್ಲಿ ಮಾತಿಗೆ ತೊಡಗಿದರೆ, ಒಂದೊಂದು ಪದವೂ ಗೊತ್ತಿರುವುದೇ ಆಗಿದ್ದರೂ ಒಟ್ಟು ವಾಕ್ಯ ಕೈಗೆ ಸಿಗುವುದಿಲ್ಲ. ಕಳೆದ ವಾರ ಒಬ್ಬರು "ದ ಫಿಗರ್ಸ್ ಡೋಂಟ್ ಆ್ಯಡ್ ಅಪ್, ಕುಡ್ ಯು ಲುಕ್ ಇಂಟು ಇಟ್" ಎಂದರು. ಕೂಡಿಸುವುದರಲ್ಲಿ ತಪ್ಪಾಗಿದೆ ಎಂದುಕೊಂಡು ನಾನು ಎಲ್ಲವನ್ನೂ ಮತ್ತೊಮ್ಮೆ ಕೂಡಿಸಿ, ಅದೇ ಮೊತ್ತವನ್ನು ಕಳುಹಿಸಿದೆ. ಲೆಕ್ಕ ತಾಳೆಯಾಗುತ್ತಿಲ್ಲ, ಕಾರಣವೇನೆಂದು ಪರಿಶೀಲಿಸಿ ಎಂಬುದು ಅವರ ಮಾತಿನ ಅರ್ಥ ಎಂದು ನಮ್ಮ ವ್ಯವಸ್ಥಾಪಕರು ಹೇಳಿದ ಮೇಲೆ ತಿಳಿಯಿತು. ಹೀಗೆ ಕ್ರಿಯಾಪದಕ್ಕೆ ಅಪ್, ಇಂಟುವಿನಂಥ ಪುಟ್ಟ ಪದ ಸೇರಿ ಬೇರೆಯೇ ಅರ್ಥ ಕೊಡುವ ಜೋಡಿಗಳಿಗೆ ಫ್ರೇಸಲ್ ವರ್ಬ್ ಎನ್ನುತ್ತಾರೆ. ಅಂಥ ಮುನ್ನೂರರ ಪಟ್ಟಿಯೊಂದನ್ನು ಎರಡು ತಿಂಗಳು ಬಾಯಿಪಾಠ ಮಾಡಿದ್ದೇನೆ. ಮಾತಿನ ಹೊತ್ತಿಗೆ ಒಂದೂ ನೆನಪಾಗುವುದಿಲ್ಲ. ಇದನ್ನು ದಾಟಿ ಬಂದವರು ಹೇಗೆ ಕಲಿತಿರಿ ಎಂಬುದನ್ನು ದಯವಿಟ್ಟು ತಿಳಿಸಿ.

ನಿವೃತ್ತ ಪ್ರೌಢಶಾಲಾ ಇಂಗ್ಲಿಷ್ ಶಿಕ್ಷಕಿ, ಧಾರವಾಡ

ಪಟ್ಟಿ ಕೈಗೆ ಹತ್ತದಿದ್ದುದು ನಿಮ್ಮ ಜ್ಞಾಪಕಶಕ್ತಿಯ ದೋಷವಲ್ಲ. "ಪುಟ್ ಆನ್, ಪುಟ್ ಆಫ್, ಪುಟ್ ಔಟ್, ಪುಟ್ ಅಪ್" ಎಂದು ಒಂದೇ ಮುಖದ ನಾಲ್ವರನ್ನು ಒಂದೇ ದಿನ ಪರಿಚಯ ಮಾಡಿಕೊಂಡರೆ, ಮರುದಿನ ಯಾರು ಯಾರೆಂಬುದು ಯಾರಿಗೂ ನೆನಪಿರುವುದಿಲ್ಲ. ಮೂವತ್ತೊಂದು ವರ್ಷ ಪಾಠ ಹೇಳಿದ ನಾನು ಮೊದಲ ಹತ್ತು ವರ್ಷ ಇದೇ ಪಟ್ಟಿಗಳನ್ನು ಕಪ್ಪುಹಲಗೆಯ ಮೇಲೆ ಬರೆದವಳು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಆಮೇಲೆ ನನಗೆ ಹೊಳೆದದ್ದು ಇಷ್ಟು: ಈ ಬಗೆಯ ಕ್ರಿಯಾಪದ ಕನ್ನಡಿಗರಿಗೆ ಹೊಸದೇ ಅಲ್ಲ. ಮಗುವನ್ನು ನೋಡುವುದು ಬೇರೆ, ನೋಡಿಕೊಳ್ಳುವುದು ಬೇರೆ. "ಲುಕ್" ಮತ್ತು "ಲುಕ್ ಆಫ್ಟರ್" ನಡುವೆ ಇರುವ ಅಂತರವೂ ಅದೇ. ಬೀಡಿ ಸೇದುವುದನ್ನು ಬಿಟ್ಟುಬಿಟ್ಟವನು "ಗಿವ್ ಅಪ್" ಮಾಡಿದವನು. ಜಗಳದಲ್ಲಿ ಬಿಟ್ಟುಕೊಟ್ಟವನು "ಗಿವ್ ಇನ್" ಮಾಡಿದವನು. ಹತ್ತನೆಯ ತರಗತಿಯ ವ್ಯಾಕರಣದಲ್ಲಿ ನೀವು ಓದಿದ ಕ್ರಿಯಾಸಮಾಸವನ್ನು ನೆನಪಿಸಿಕೊಳ್ಳಿ. "ಕೈಕೊಡು" ಎಂಬುದರ ಎರಡು ಭಾಗಗಳನ್ನು ಸೇರಿಸಿ ಲೆಕ್ಕ ಹಾಕಿದರೆ ನೆರವಾಗು ಎಂಬ ಅರ್ಥ ಬರಬೇಕಿತ್ತು, ಬಂದದ್ದು ಅದಕ್ಕೆ ತದ್ವಿರುದ್ಧ. ದಾರಿಯಲ್ಲಿ ಗಾಡಿ ಕೈಕೊಟ್ಟರೆ ಇಂಗ್ಲಿಷಿನವರು "ಬ್ರೋಕ್ ಡೌನ್" ಎನ್ನುತ್ತಾರೆ, ಗೆಳೆಯ ಕೈಕೊಟ್ಟರೆ "ಲೆಟ್ ಮಿ ಡೌನ್" ಎನ್ನುತ್ತಾರೆ. ನಮ್ಮ ಮಕ್ಕಳು ಕೈಕೊಡು, ಕೈಬಿಡು, ಕೈಹಾಕು, ಕೈಮೀರು ಎಂಬುವನ್ನು ಪಟ್ಟಿ ನೋಡಿ ಕಲಿತವರಲ್ಲ. ಗಾಡಿ ನಿಂತಾಗ, ಬೆಳೆ ಕೈಗೆ ಬಾರದಾಗ, ಮನೆಯಲ್ಲಿ ಮಾತಿಗೆ ಮಾತು ಬೆಳೆದಾಗ ಕೇಳಿ ಕಲಿತವರು.

ಇದು ಕಷ್ಟವೆಂದು ಸಂಕೋಚಪಡಬೇಕಾಗಿಯೂ ಇಲ್ಲ. 1755ರಲ್ಲಿ ತಮ್ಮ ಇಂಗ್ಲಿಷ್ ನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್, ಕ್ರಿಯಾಪದದ ಬೆನ್ನಿಗೆ ಪುಟ್ಟ ಪದವೊಂದನ್ನು ಹಚ್ಚಿ ಅರ್ಥವನ್ನು ಬದಲಿಸುವ ಈ ಪದ್ಧತಿಯು ಪರಭಾಷಿಕರಿಗೆ ಎಲ್ಲಕ್ಕಿಂತ ದೊಡ್ಡ ತೊಡಕು ಎಂದು ಅದರ ಮುನ್ನುಡಿಯಲ್ಲಿಯೇ ಬರೆದಿದ್ದಾರೆ.

ಒಂದು ನಿಯಮವನ್ನು ಮಾತ್ರ ನಾನು ಬಾಯಿಪಾಠ ಮಾಡಿಸುತ್ತಿದ್ದೆ, ಏಕೆಂದರೆ ಕನ್ನಡದಲ್ಲಿ ಇದಕ್ಕೆ ಸಾಟಿಯಾದದ್ದಿಲ್ಲ. "ಟರ್ನ್ ಆಫ್ ದ ಫ್ಯಾನ್" ಎಂದರೂ ಸರಿ, "ಟರ್ನ್ ದ ಫ್ಯಾನ್ ಆಫ್" ಎಂದರೂ ಸರಿ. ಆದರೆ ಫ್ಯಾನಿನ ಬದಲು "ಇಟ್" ಬಂದರೆ ಅದು ನಡುವೆಯೇ ಕೂರಬೇಕು, "ಟರ್ನ್ ಇಟ್ ಆಫ್" ಎಂದೇ ಆಗಬೇಕು. "ಲುಕ್ ಆಫ್ಟರ್" ಇದಕ್ಕೆ ಒಪ್ಪುವುದಿಲ್ಲ. ಅಲ್ಲಿ "ಹಿಮ್" ಎಂಬುದು ಕೊನೆಗೇ ಬರುತ್ತದೆ. ಯಾವುದು ಬಿಡಿಸಬಹುದಾದದ್ದು, ಯಾವುದು ಅಲ್ಲ ಎಂಬುದನ್ನು ತಿಳಿಯಲು "ಇಟ್" ಸೇರಿಸಿಯೇ ವಾಕ್ಯವನ್ನು ಬರೆದಿಟ್ಟುಕೊಳ್ಳುವುದು ಎಲ್ಲಕ್ಕಿಂತ ಸುಲಭದ ದಾರಿ.

ಬ್ಯಾಂಕ್ ಉದ್ಯೋಗಿ, ಕಲಬುರಗಿ

ಪಟ್ಟಿಯನ್ನು ಅಷ್ಟು ಹೀಗಳೆಯಬೇಕಾಗಿಲ್ಲ. ಬ್ಯಾಂಕ್ ನೇಮಕಾತಿ ಪರೀಕ್ಷೆಯ ಇಂಗ್ಲಿಷ್ ಪ್ರಶ್ನೆಗಳಿಗೆ ನಾನು ಉತ್ತರಿಸಿದ್ದು ಪಟ್ಟಿಯ ಬಲದಿಂದಲೇ. ಆದರೆ ಗ್ರಾಹಕರೊಬ್ಬರು ಎದುರು ನಿಂತು ಮಾತನಾಡಿದಾಗ ಅದು ನೆರವಿಗೆ ಬರಲಿಲ್ಲ ಎಂಬುದೂ ನಿಜ.

ಶುಶ್ರೂಷಕಿ, ಊರು ಉಡುಪಿ ಜಿಲ್ಲೆ, ಈಗ ಇಂಗ್ಲೆಂಡ್

ಆರೋಗ್ಯ ಕ್ಷೇತ್ರದವರಿಗೆಂದೇ ನಡೆಯುವ ಒಇಟಿ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದೇ ನಾನು ಇಲ್ಲಿಗೆ ಬಂದೆ. ಬಂದ ಮೊದಲ ತಿಂಗಳಲ್ಲಿ ಎಡವಿದ್ದು ವೈದ್ಯರ ಮಾತಿಗಲ್ಲ, ರೋಗಿಗಳ ಮಾತಿಗೆ. ವೈದ್ಯರು ಆಡುವ ಉದ್ದುದ್ದದ ಪದಗಳೆಲ್ಲ ನಮ್ಮ ನರ್ಸಿಂಗ್ ಪುಸ್ತಕಗಳಲ್ಲಿದ್ದವು. ಹಾಸಿಗೆಯ ಮೇಲಿರುವ ಅಜ್ಜ ಅಜ್ಜಿಯರು ಅವನ್ನು ಬಳಸುವುದೇ ಇಲ್ಲ. ಅವರು ವಾಂತಿಗೆ "ಥ್ರೋ ಅಪ್" ಎನ್ನುತ್ತಾರೆ, ಎಚ್ಚರ ತಪ್ಪುವುದಕ್ಕೆ "ಪಾಸ್ ಔಟ್" ಎನ್ನುತ್ತಾರೆ, ಮತ್ತೆ ಎಚ್ಚರವಾಗುವುದಕ್ಕೆ "ಕಮ್ ರೌಂಡ್" ಎನ್ನುತ್ತಾರೆ.

ಒಂದು ರಾತ್ರಿ ಪಾಳಿಯಲ್ಲಿ, ಮಂಡಿಯ ಶಸ್ತ್ರಚಿಕಿತ್ಸೆಯಾಗಿದ್ದ ಹಿರಿಯರೊಬ್ಬರು ಗಂಟೆಯೊತ್ತಿ "ಇಟ್ಸ್ ವೇರಿಂಗ್ ಆಫ್, ಲವ್" ಎಂದರು. "ವೇರ್" ಎಂದರೆ ತೊಡುವುದು, "ಆಫ್" ಎಂದರೆ ಕಳಚುವುದು ಎಂದು ಲೆಕ್ಕ ಹಾಕಿದ ನಾನು, ಬ್ಯಾಂಡೇಜು ಸಡಿಲವಾಗಿರಬೇಕೆಂದು ಹೊದಿಕೆ ಸರಿಸಿ ನೋಡಿದೆ. ಬ್ಯಾಂಡೇಜು ಸರಿಯಾಗಿಯೇ ಇತ್ತು. ಹಾಸಿಗೆಯ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದ ಅವರ ಕೈಯನ್ನು ಕಂಡಾಗಲೇ ನನಗೆ ವಿಷಯ ತಿಳಿದದ್ದು: ನೋವು ಮರೆಸಲು ಕೊಟ್ಟಿದ್ದ ಔಷಧದ ಪ್ರಭಾವ ಇಳಿಯುತ್ತಿತ್ತು. ಅಂದು ಬೆಳಿಗ್ಗೆ ಸಣ್ಣ ನೋಟ್‌ಬುಕ್ಕೊಂದರಲ್ಲಿ "ರಾತ್ರಿ ಎರಡು ಗಂಟೆ, ಕಿಟಕಿಯ ಪಕ್ಕದ ಹಾಸಿಗೆ, ವೇರಿಂಗ್ ಆಫ್, ಔಷಧ ಇಳಿಯುತ್ತಿದೆ" ಎಂದು ಬರೆದೆ. ಆರು ವರ್ಷಗಳಾದವು, ಆ ಪದವನ್ನು ಮರೆಯಬೇಕೆಂದರೂ ಮರೆಯಲಾರೆ.

ಅಂದಿನಿಂದ ನನ್ನ ಪದ್ಧತಿ ಒಂದೇ. ಪದವನ್ನು ಬರೆಯುವುದಿಲ್ಲ, ಯಾರು, ಎಲ್ಲಿ, ಯಾವಾಗ ಹೇಳಿದರೆಂಬುದರ ಜೊತೆಗೆ ಪೂರ್ತಿ ವಾಕ್ಯವನ್ನು ಬರೆಯುತ್ತೇನೆ. ದಿನಕ್ಕೆ ಎರಡಕ್ಕಿಂತ ಹೆಚ್ಚು ಬರೆಯುವುದಿಲ್ಲ. ಪಕ್ಕದಲ್ಲಿ ಕನ್ನಡದ ಮಾತು ಹೊಳೆದರೆ ಅದನ್ನೂ ಸೇರಿಸುತ್ತೇನೆ. "ಪಾಸ್ಡ್ ಅವೇ" ಎಂಬುದರ ಮುಂದೆ "ತೀರಿಕೊಂಡರು" ಎಂದು ಬರೆದಾಗ, ಸಾವಿನ ಮುಂದೆ ದನಿ ತಗ್ಗಿಸುವ ರೀತಿ ಎರಡು ಭಾಷೆಗಳಲ್ಲಿಯೂ ಒಂದೇ ಎನ್ನಿಸಿತು.

ಒಂದು ಎಚ್ಚರಿಕೆ. "ಐ ಪಾಸ್ಡ್ ಔಟ್ ಇನ್ 2014" ಎಂದು ನಾನು ಇಲ್ಲಿ ಹೇಳಿದಾಗ ಎದುರಿಗಿದ್ದವರು ಗಾಬರಿಯಾಗಿ ಈಗ ಆರೋಗ್ಯ ಹೇಗಿದೆ ಎಂದು ವಿಚಾರಿಸಿದರು. ನಮ್ಮಲ್ಲಿ ಅದು ಕಾಲೇಜು ಮುಗಿಸಿದ್ದಕ್ಕೆ ಹೇಳುವ ಮಾತು. ಇಲ್ಲಿ ಸೈನ್ಯದ ಅಥವಾ ಪೊಲೀಸ್ ತರಬೇತಿ ಮುಗಿಸಿದವರನ್ನು ಬಿಟ್ಟರೆ ಬೇರೆಯವರು "ಪಾಸ್ ಔಟ್" ಎಂದರೆ ಮೂರ್ಛೆ ಹೋದರು ಎಂದೇ ಅರ್ಥ.

ಟ್ಯಾಕ್ಸಿ ಚಾಲಕ, ಬೆಂಗಳೂರು

ನಾನು ಓದಿದ್ದು ಏಳನೆಯ ತರಗತಿ. ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಹನ್ನೊಂದು ವರ್ಷಗಳಿಂದ ಗಾಡಿ ಓಡಿಸುತ್ತಿದ್ದೇನೆ. ನನ್ನ ಅನುಭವದಲ್ಲಿ, ನಾವು ಕನ್ನಡದಲ್ಲಿ ದಿನವೂ ಆಡುವ ಇಂಗ್ಲಿಷಿನಿಂದಲೇ ಆರಂಭಿಸಬಹುದು. ಪಿಕಪ್, ಡ್ರಾಪ್, ಬ್ರೇಕ್‌ಡೌನ್, ಚೆಕಪ್, ಬ್ಯಾಕಪ್ ಎಲ್ಲವೂ ಆಗಲೇ ನಮ್ಮ ಬಾಯಲ್ಲಿವೆ. ಆ ಯೋಜನೆ "ವರ್ಕೌಟ್ ಆಗಲ್ಲ" ಎಂದು ಹೇಳದ ಬೆಂಗಳೂರಿಗನಿಲ್ಲ. "ಇಟ್ ವೋಂಟ್ ವರ್ಕ್ ಔಟ್" ಎಂಬುದು ಅದೇ ಮಾತು. ಹೆಸರಾಗಿ ಗೊತ್ತಿರುವುದನ್ನು ಕ್ರಿಯೆಯಾಗಿ ತಿರುಗಿಸಿಕೊಂಡರೆ ಸಾಕು.

ಎಡವಟ್ಟಾಗುವ ಕಡೆಗಳೂ ಇವೆ. ನಾವು ಬಸ್ಸನ್ನೂ ಕಾರನ್ನೂ ಹತ್ತುತ್ತೇವೆ, ಎರಡರಿಂದಲೂ ಇಳಿಯುತ್ತೇವೆ. ಇಂಗ್ಲಿಷಿನಲ್ಲಿ ಬಸ್ಸು, ರೈಲು, ವಿಮಾನಗಳಿಗೆ "ಗೆಟ್ ಆನ್, ಗೆಟ್ ಆಫ್". ಕಾರಿಗೂ ಆಟೋಗೂ "ಗೆಟ್ ಇನ್, ಗೆಟ್ ಔಟ್". ಒಳಗೆ ಎದ್ದು ಓಡಾಡಬಹುದಾದ ವಾಹನವಾದರೆ "ಆನ್", ಬಗ್ಗಿ ತೂರಿಕೊಂಡು ಕೂರಬೇಕಾದ ವಾಹನವಾದರೆ "ಇನ್" ಎಂದು ಪ್ರಯಾಣಿಕರೊಬ್ಬರು ಹೇಳಿಕೊಟ್ಟರು. ಬೈಕು, ಕುದುರೆಗಳ ಮೇಲೆಯೇ ಕೂರುವುದರಿಂದ ಅವುಗಳಿಗೂ "ಆನ್" ಎಂದೇ ಹೇಳಬೇಕಂತೆ. ಇನ್ನೊಬ್ಬರು "ಪುಲ್ ಓವರ್" ಎಂದಾಗ ನಾನು ಏನನ್ನು ಎಳೆಯಬೇಕೆಂದು ತಿಳಿಯದೆ ಗಾಡಿಯನ್ನು ಮುಂದಕ್ಕೇ ಓಡಿಸಿದೆ. ರಸ್ತೆಯ ಬದಿಗೆ ನಿಲ್ಲಿಸಿ ಎಂದು ಅವರು ಕೇಳುತ್ತಿದ್ದರು.

ಗೃಹಿಣಿ, ಮೈಸೂರು, ಮಗನ ಮನೆ ನ್ಯೂಜೆರ್ಸಿ

ನನ್ನ ಗುರು ಐದು ವರ್ಷದ ಮೊಮ್ಮಗಳು. ಎರಡು ಸಲ ಆರಾರು ತಿಂಗಳು ಅವರ ಮನೆಯಲ್ಲಿದ್ದೆ. ಬೆಳಗಿನಿಂದ ಮಲಗುವವರೆಗೆ ತಾಯಿ ಮಗಳಿಗೆ ಹೇಳುವ ಮಾತುಗಳನ್ನೇ ಕಿವಿಗೊಟ್ಟು ಕೇಳುತ್ತಿದ್ದೆ: ಏಳು ಎನ್ನುವಾಗ "ಗೆಟ್ ಅಪ್", ಆಟಿಕೆ ಎತ್ತಿಡು ಎನ್ನುವಾಗ "ಪುಟ್ ದೆಮ್ ಅವೇ", ತಟ್ಟೆ ಖಾಲಿ ಮಾಡು ಎನ್ನುವಾಗ "ಈಟ್ ಅಪ್". ಮಾತು ಮತ್ತು ಕೆಲಸ ಒಟ್ಟಿಗೇ ಕಾಣುತ್ತಿದ್ದುದರಿಂದ ನಿಘಂಟು ಬೇಕಾಗಲಿಲ್ಲ. ಅಲ್ಲಿ ಊಟಕ್ಕೆ ಮುಂಚೆ "ವಾಶ್ ಅಪ್" ಎಂದರೆ ಕೈ ಮುಖ ತೊಳೆದು ಬಾ ಎಂದು ಅರ್ಥ. ಇಂಗ್ಲೆಂಡಿನಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಅದೇ ಮಾತಿಗೆ ಪಾತ್ರೆ ತೊಳೆಯುವುದು ಎಂದು ಅರ್ಥ. ಊಟಕ್ಕೆ ಮುಂಚೆಯೇ ಪಾತ್ರೆ ಏಕೆ ತೊಳೆಯಬೇಕೆಂದು ತಂಗಿ ಫೋನಿನಲ್ಲಿ ಕೇಳಿದ್ದು ನೆನಪಾದರೆ ಈಗಲೂ ನಗು ಬರುತ್ತದೆ.

ಊರಿಗೆ ಮರಳಿದ ಮೇಲೆ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಲೇ ನನ್ನಷ್ಟಕ್ಕೆ ಇಂಗ್ಲಿಷಿನಲ್ಲಿ ಹೇಳಿಕೊಳ್ಳತೊಡಗಿದೆ. ಹಾಲು ಉಕ್ಕಿದರೆ "ಬಾಯ್ಲ್ಡ್ ಓವರ್". ಉರಿ ಸಣ್ಣ ಮಾಡುವಾಗ "ಟರ್ನ್ ಇಟ್ ಡೌನ್". ಸಕ್ಕರೆ ಮುಗಿದಿದ್ದರೆ "ವಿ ಹ್ಯಾವ್ ರನ್ ಔಟ್ ಆಫ್ ಶುಗರ್"; ಕ್ರಿಕೆಟ್ಟಿನ ರನ್ ಔಟಿಗೂ ಇದಕ್ಕೂ ಸಂಬಂಧವಿಲ್ಲ ಎಂಬುದನ್ನು ನಮ್ಮ ಮನೆಯವರಿಗೆ ಬಿಡಿಸಿ ಹೇಳಬೇಕಾಯಿತು. ನನ್ನನ್ನು ಬಹಳ ಕಾಡಿಸಿದ್ದು "ಗೋ ಆಫ್". ಕರೆಂಟು ಹೋದರೂ "ವೆಂಟ್ ಆಫ್", ಅಲಾರಂ ಬಡಿದುಕೊಂಡರೂ "ವೆಂಟ್ ಆಫ್", ತಂಗಿಯ ಮನೆಯಲ್ಲಿ ಹಾಲು ಕೆಟ್ಟರೂ "ಗಾನ್ ಆಫ್". ಒಂದು ನಿಂತುಹೋಗುವುದು, ಇನ್ನೊಂದು ಶುರುವಾಗುವುದು, ಮತ್ತೊಂದು ಹುಳಿಯಾಗುವುದು! ಇದಕ್ಕೆ ಕಾರಣ ಹುಡುಕುವುದನ್ನು ಬಿಟ್ಟು, ಕರೆಂಟಿನ ಮಾತನ್ನು ಸ್ವಿಚ್ಚಿನ ಬಳಿ, ಅಲಾರಂ ಮಾತನ್ನು ಹಾಸಿಗೆಯ ಬಳಿ, ಹಾಲಿನ ಮಾತನ್ನು ಫ್ರಿಜ್ಜಿನ ಬಳಿ ಇಟ್ಟುಕೊಂಡೆ. ಈಗ ಗೊಂದಲವಾಗುವುದಿಲ್ಲ.

"ಫ್ಯಾನ್ ಆನ್ ಮಾಡು" ಎಂದು ಕನ್ನಡದಲ್ಲಿ ಹೇಳಿ ರೂಢಿಯಾದ ನಾವು ಇಂಗ್ಲಿಷಿನಲ್ಲಿಯೂ "ಆನ್ ದ ಫ್ಯಾನ್" ಎಂದುಬಿಡುತ್ತೇವೆ. ಮೊಮ್ಮಗಳು ಅದನ್ನು ಪ್ರತಿ ಸಲವೂ "ಟರ್ನ್ ಆನ್" ಎಂದು ತಿದ್ದುತ್ತಿದ್ದಳು.

ಪದವಿ ಕಾಲೇಜಿನ ಇಂಗ್ಲಿಷ್ ಉಪನ್ಯಾಸಕ, ಶಿವಮೊಗ್ಗ

ಮೈಸೂರಿನ ತಾಯಿಯವರು ತಾವಾಗಿ ಕಂಡುಕೊಂಡದ್ದಕ್ಕೆ ಅಂಕಿಗಳ ಆಧಾರವೂ ಇದೆ. ಡೀ ಗಾರ್ಡ್‌ನರ್ ಮತ್ತು ಮಾರ್ಕ್ ಡೇವಿಸ್ ಅವರು 10 ಕೋಟಿ ಪದಗಳ ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಎಂಬ ಭಾಷಾ ಸಂಗ್ರಹವನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಗೋ, ಕಮ್, ಟೇಕ್, ಗೆಟ್, ಪುಟ್ ಮೊದಲಾದ 20 ಕ್ರಿಯಾಪದಗಳು ಔಟ್, ಅಪ್, ಆಫ್ ಮೊದಲಾದ 8 ಪುಟ್ಟ ಪದಗಳೊಂದಿಗೆ ಕೂಡಿ ಉಂಟಾದವೇ ಅಲ್ಲಿನ ಫ್ರೇಸಲ್ ವರ್ಬ್ ಬಳಕೆಯ ಅರ್ಧಕ್ಕಿಂತ ಹೆಚ್ಚು ಪಾಲನ್ನು ತುಂಬಿವೆ. ಆದರೆ ಅತಿ ಹೆಚ್ಚು ಬಳಕೆಯ 100 ಫ್ರೇಸಲ್ ವರ್ಬ್‌ಗಳಿಗೆ ಒಟ್ಟು 559 ಅರ್ಥಗಳಿದ್ದವು, ಅಂದರೆ ಒಂದೊಂದಕ್ಕೂ ಸರಾಸರಿ ಐದಕ್ಕಿಂತ ಹೆಚ್ಚು. ಹಾಗಾಗಿ ಮುನ್ನೂರರ ಪಟ್ಟಿಯನ್ನು ಪಕ್ಕಕ್ಕಿಟ್ಟು, ಐವತ್ತನ್ನೇ ಬೇರೆ ಬೇರೆ ಸಂದರ್ಭಗಳಲ್ಲಿ ಗುರುತಿಸುವುದು ಹೆಚ್ಚು ಉಪಯುಕ್ತ. ನಿಮಗೆ ಫೋನಿನಲ್ಲಿ ತೊಡಕಾಗುವುದರಿಂದ ದನಿಯ ಒತ್ತನ್ನೂ ಗಮನಿಸಿ: ಕ್ರಿಯೆಯಾಗಿ ಬಂದಾಗ "ಬ್ರೇಕ್ ಡೌನ್" ಎಂಬಲ್ಲಿ ಒತ್ತು ಸಾಮಾನ್ಯವಾಗಿ "ಡೌನ್" ಮೇಲೆ, ಹೆಸರಾಗಿ ಬಂದಾಗ "ಬ್ರೇಕ್" ಮೇಲೆ ಬೀಳುತ್ತದೆ.

ಫೋನಿನ ಮಾತುಗಳನ್ನೇ ಮೊದಲ ಗುಂಪಾಗಿ ತೆಗೆದುಕೊಳ್ಳಿ ಎಂಬುದು ನನ್ನ ಸಲಹೆ. "ಹ್ಯಾಂಗ್ ಆನ್" ಎಂದರೆ ಸ್ವಲ್ಪ ತಡೆಯಿರಿ ಎಂದು, "ಹ್ಯಾಂಗ್ ಅಪ್" ಎಂದರೆ ಫೋನ್ ಇಟ್ಟುಬಿಡುವುದು. ಇವೆರಡು ಅದಲುಬದಲಾದರೆ ಸಂಭಾಷಣೆಯೇ ಮುಗಿದುಹೋಗುತ್ತದೆ. ನಾವು "ಕಾಲ್ ಕಟ್ ಮಾಡಿದರು" ಎನ್ನುವುದು "ಹಂಗ್ ಅಪ್". ತಾನಾಗಿಯೇ ಸಂಪರ್ಕ ತಪ್ಪಿದರೆ "ವಿ ಗಾಟ್ ಕಟ್ ಆಫ್". ಜೋರಾಗಿ ಮಾತನಾಡಿ ಎನ್ನಲು "ಸ್ಪೀಕ್ ಅಪ್", ವಿಚಾರಿಸಿ ತಿಳಿಸುತ್ತೇನೆ ಎನ್ನಲು "ಐ ವಿಲ್ ಗೆಟ್ ಬ್ಯಾಕ್ ಟು ಯು". ಸಭೆ ಮುಂದೂಡಿದರೆ "ಪುಟ್ ಆಫ್", ರದ್ದಾದರೆ "ಕಾಲ್ ಆಫ್". ನಮ್ಮ "ಪ್ರಿಪೋನ್" ಎಂಬ ಪದ ಲಂಡನ್ನಿನ ಎಲ್ಲರಿಗೂ ತಿಳಿದಿರುತ್ತದೆಂದು ನಂಬುವಂತಿಲ್ಲವಾದ್ದರಿಂದ "ಬ್ರಿಂಗ್ ಫಾರ್ವರ್ಡ್" ಎನ್ನಿ.

ಪ್ರಶ್ನೆ ಕೇಳಿದವರು, ಹತ್ತು ದಿನಗಳ ಬಳಿಕ

ಎಲ್ಲರಿಗೂ ಕೃತಜ್ಞತೆಗಳು. ಉಡುಪಿಯ ಅಕ್ಕನವರಂತೆ ದಿನಕ್ಕೆ ಎರಡೇ ವಾಕ್ಯ ಬರೆಯುತ್ತಿದ್ದೇನೆ. ಮೊದಲನೆಯದು "ದ ಫಿಗರ್ಸ್ ಡೋಂಟ್ ಆ್ಯಡ್ ಅಪ್". ಆ ಲೆಕ್ಕದಲ್ಲಿ ಒಂದೇ ಬಿಲ್ಲು ಎರಡು ಸಲ ನಮೂದಾಗಿತ್ತು. ಅದನ್ನು ತಿಳಿಸಿದಾಗ ಅವರು "ಥ್ಯಾಂಕ್ಸ್ ಫಾರ್ ಸಾರ್ಟಿಂಗ್ ಇಟ್ ಔಟ್" ಎಂದರು. ಕೇಳಿದ ತಕ್ಷಣ ಅರ್ಥವಾಯಿತು, ಆದರೆ ನೋಟ್‌ಬುಕ್ಕಿನಲ್ಲಿ ಅವಸರಕ್ಕೆ "ಸಾರ್ಟಿಂಗ್ ಔಟ್ ಇಟ್" ಎಂದು ಬರೆದಿದ್ದೆ. ಧಾರವಾಡದ ಮೇಡಮ್ಮನವರ ನಿಯಮ ನೆನಪಾಗಿ ಅದನ್ನು ಹೊಡೆದುಹಾಕಿ, "ಇಟ್" ಅನ್ನು ನಡುವೆ ಕೂರಿಸಿದ್ದೇನೆ.