ಮೂಲ ತಿಳಿಯದ ಡಗ್ಗಾ (ಗಾಂಜಾ) ಬೀಜವನ್ನು ಜವಾರಿ ತಳಿಯಾಗಿ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಡರ್ಬನ್ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ನಾನು ದಕ್ಷಿಣ ಆಫ್ರಿಕಾದ ಡರ್ಬನ್ ನಗರದ ಹೊರವಲಯದಲ್ಲಿ ಇದ್ದೇನೆ. ಇಲ್ಲಿನ ಸಂವಿಧಾನ ನ್ಯಾಯಾಲಯವು 2018ರ ಸೆಪ್ಟೆಂಬರ್ 18ರಂದು ತೀರ್ಪು ನೀಡಿದ ಮೇಲೆ, ವಯಸ್ಕರು ತಮ್ಮ ಖಾಸಗಿ ಜಾಗದಲ್ಲಿ ಸ್ವಂತಕ್ಕಾಗಿ ಗಾಂಜಾ ಗಿಡ ಬೆಳೆಸುವುದು ಅಪರಾಧವಾಗಿ ಉಳಿದಿಲ್ಲ. 2024ರ ಮೇ 28ರಂದು ರಾಷ್ಟ್ರಾಧ್ಯಕ್ಷರ ಸಹಿ ಬಿದ್ದ ಕಾಯ್ದೆಯೂ ಇದೇ ನೆಲೆಯದು. ಮಾರಾಟ ಇಂದಿಗೂ ಅಪರಾಧವೇ. ನನಗೆ ಅದರ ಗೊಡವೆಯೂ ಇಲ್ಲ.

ಪಕ್ಕದ ಮನೆಯ ಹಿರಿಯ ಮಹಿಳೆಯೊಬ್ಬರು ಮನೆ ಖಾಲಿ ಮಾಡುವಾಗ, ಗಿಡಗಳ ಹುಚ್ಚಿರುವ ನನಗೆ ಒಂದು ಜಾಮ್ ಬಾಟಲಿ ತುಂಬ ಡಗ್ಗಾ ಬೀಜ ಕೊಟ್ಟು ಹೋದರು. ಬಾಟಲಿಯ ಚೀಟಿಯ ಮೇಲೆ ‘ಟ್ರಾನ್ಸ್‌ಕೈ’ ಎಂದಿದೆ (ಇದು ದಕ್ಷಿಣ ಆಫ್ರಿಕಾದ ಪೂರ್ವ ಭಾಗದ ಒಂದು ಸೀಮೆ), ಇಸವಿಯಿಲ್ಲ. ತೀರಿಹೋದ ಯಜಮಾನರು ಅದೇ ಸೀಮೆಯ ಪೋರ್ಟ್ ಸೇಂಟ್ ಜಾನ್ಸ್ ಕಡೆಯಿಂದ ತಂದದ್ದೆಂದು ಅವರು ಹೇಳುತ್ತಾರೆ. ಅವರ ಮಗ ಅದು ಸ್ವಾಜಿ ನಾಡಿನದೆಂದು ವಾದಿಸುತ್ತಾನೆ. ಬಾಟಲಿ ನೋಡಿದ ಸ್ನೇಹಿತರೊಬ್ಬರಂತೂ ‘ಇದು ಅಸಲಿ ಡರ್ಬನ್ ಪಾಯ್ಸನ್’ (ಹೆಸರಾಂತ ಒಂದು ಗಾಂಜಾ ತಳಿ) ಎಂದು ತೀರ್ಮಾನವನ್ನೇ ಕೊಟ್ಟುಬಿಟ್ಟರು. ಬಹುಪಾಲು ಬೀಜ ಸಣ್ಣದು, ಕಡುಕಂದು, ಮೇಲೆ ಹುಲಿಪಟ್ಟೆಯಂತಹ ಗೆರೆ. ನಡುನಡುವೆ ಸ್ವಲ್ಪ ದಪ್ಪನೆಯ, ಗೆರೆಯಿಲ್ಲದ ಬೂದುಬಣ್ಣದ ಬೀಜಗಳೂ ಇವೆ. ಒದ್ದೆ ಕಾಗದದ ಮೇಲೆ ಇಟ್ಟು ನೋಡಿದೆ. ಮೊಳೆತವು ಕೆಲವೇ, ಅವೂ ಬಹಳ ತಡವಾಗಿ.

ಇದರ ಮೂಲ ಕಂಡುಹಿಡಿಯುವ ದಾರಿ ಇದೆಯೇ? ಮೂಲ ತಿಳಿಯದಿದ್ದರೂ ಇದನ್ನು ಜವಾರಿ ತಳಿಯೆಂದು ಕಾಪಾಡಬಹುದೇ? ನನಗಿರುವುದು ಗೋಡೆಯಿರುವ ಒಂದು ಸಣ್ಣ ಹಿತ್ತಲು. ಎರಡು ಮನೆ ಆಚೆ ಒಬ್ಬರು ಅಂಗಡಿಯಿಂದ ತಂದ ಹೈಬ್ರಿಡ್ ಗಿಡಗಳನ್ನು ಬೆಳೆಸುತ್ತಾರೆ.

ಉತ್ತರ 1: ಮಂಡ್ಯದ ಹಳಬ

ಮೊದಲಿಗೆ ಊರಿನಿಂದ ಇದನ್ನು ಓದುವವರಿಗೆ ಒಂದು ಮಾತು. ಭಾರತದಲ್ಲಿ ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಈ ಗಿಡ ಬೆಳೆಸುವುದು ಅಪರಾಧ. ತೆನೆಯಿಂದ ಬೇರ್ಪಟ್ಟ ಬೀಜ ಮತ್ತು ಎಲೆ ‘ಗಾಂಜಾ’ ಎಂಬುದರ ವ್ಯಾಖ್ಯೆಯೊಳಗೆ ಬರುವುದಿಲ್ಲವೆಂಬುದನ್ನು ಹಿಡಿದುಕೊಂಡು ಯಾರೂ ಬಿತ್ತನೆಗೆ ಇಳಿಯಬೇಡಿ. ಕೆಳಗೆ ಬರೆಯುವುದೆಲ್ಲ ಡರ್ಬನ್ನಿನ ಹಿತ್ತಲಿಗೆ ಮಾತ್ರ.

ಈಗ ಬೀಜದ ವಿಚಾರ. ಸಿಪ್ಪೆಯನ್ನು ನೋಡಿ ಊರು ಹೇಳಲು ಆಗುವುದಿಲ್ಲ. ನೀವು ಹೇಳುವ ಪಟ್ಟೆಗಳು ಬೀಜಕ್ಕೆ ಅಂಟಿಕೊಂಡಿರುವ ತೆಳು ಪೊರೆಯಲ್ಲಿರುತ್ತವೆ. ಬೆರಳುಗಳ ನಡುವೆ ಗಟ್ಟಿಯಾಗಿ ಉಜ್ಜಿದರೆ ಎದ್ದುಹೋಗಿ ಒಳಗಿನ ಬೂದುಬಣ್ಣ ಕಾಣುತ್ತದೆ, ಪರೀಕ್ಷಿಸಿ ನೋಡಿ. ಇನ್ನೂ ಮುಖ್ಯವಾದದ್ದೆಂದರೆ ಬೀಜದ ಹೊರಕವಚ ತಾಯಿಗಿಡದ ಅಂಗಾಂಶ. ಒಂದೇ ತಾಯಿಯ ಬೀಜಗಳು, ತಂದೆಗಿಡಗಳು ಬೇರೆಬೇರೆಯಾದರೂ, ಹೊರನೋಟಕ್ಕೆ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತವೆ. ಹಾಗಾಗಿ ಉಜ್ಜಿದ ಮೇಲೂ ಗಾತ್ರದ ವ್ಯತ್ಯಾಸ ಸ್ಪಷ್ಟವಾಗಿ ಉಳಿದರೆ, ಬಾಟಲಿಯಲ್ಲಿ ಕನಿಷ್ಠ ಇಬ್ಬರು ತಾಯಂದಿರ ಬೀಜ ಇದೆಯೆಂದು ಊಹಿಸಬಹುದು. ಪರಾಗ ಎಲ್ಲಿಂದ ಬಂತೆಂಬುದರ ಬಗ್ಗೆ ಸಿಪ್ಪೆ ಏನನ್ನೂ ಹೇಳದು. ‘ಟ್ರಾನ್ಸ್‌ಕೈ’ ಎಂಬ ಆಡಳಿತ ಘಟಕ 1994ರಲ್ಲಿ ಕೊನೆಗೊಂಡರೂ ಜನ ಇಂದಿಗೂ ಆ ಹೆಸರು ಬಳಸುತ್ತಾರೆ, ಆದ್ದರಿಂದ ಚೀಟಿಯಿಂದ ಕಾಲವನ್ನೂ ನಿರ್ಧರಿಸಲಾಗದು.

ಗಿಡ ಬೆಳೆದಾಗ ಕೆಲವು ಸುಳಿವುಗಳು ಸಿಗುತ್ತವೆ. ಈ ಗಿಡ ಸಾಮಾನ್ಯವಾಗಿ ಹಗಲು ಕುಗ್ಗಿದಾಗ ಹೂಬಿಡುತ್ತದೆ. ಹಗಲಿನ ಉದ್ದವನ್ನು ಲೆಕ್ಕಿಸದೆ ತನ್ನಷ್ಟಕ್ಕೆ ಹೂಬಿಡುವ ಗಿಡವೊಂದು ಕಂಡರೆ ಆಧುನಿಕ ಕಲಬೆರಕೆ ಆಗಿದೆಯೆಂದು ಧಾರಾಳವಾಗಿ ಅನುಮಾನಿಸಬಹುದು. ಅಗಲವಾದ ಎಲೆ, ಗಿಡ್ಡ ಗಾತ್ರ, ಒತ್ತಾದ ಹೂಗೊಂಚಲು, ಇವು ಆಫ್ಘನ್ ಮೂಲದ ರಕ್ತವನ್ನು ಸೂಚಿಸುತ್ತವೆ. ಆದರೆ ಬೇಗ ಹೂಬಿಟ್ಟಿತೆಂಬ ಒಂದೇ ಕಾರಣಕ್ಕೆ ಗಿಡವನ್ನು ಬೆರಕೆ ಎನ್ನಬೇಡಿ. ಮಲಾವಿ ಇರುವುದು ದಕ್ಷಿಣ ಅಕ್ಷಾಂಶ 9ರಿಂದ 17 ಡಿಗ್ರಿಯ ನಡುವೆ. ಅಲ್ಲಿನ ಅತಿ ದೀರ್ಘ ಹಗಲೂ ಸುಮಾರು 13 ಗಂಟೆಯದು, ಅಲ್ಲಿಯ ತಳಿಗಳು ಆತುರವಿಲ್ಲದೆ ತಿಂಗಳುಗಟ್ಟಲೆ ಹೂಬಿಡುತ್ತವೆ. ನಿಮ್ಮ ಡರ್ಬನ್ 30 ಡಿಗ್ರಿಯ ಹತ್ತಿರವಿದೆ, ಅಲ್ಲಿ ಡಿಸೆಂಬರಿನ ಹಗಲು 14 ಗಂಟೆ ಮುಟ್ಟುತ್ತದೆ. ಲೆಸೊಥೊದ ಎತ್ತರದ ಚಳಿ ಬೆಟ್ಟಗಳಲ್ಲಿ ಬೇಗ ಮುಗಿಸದ ಗಿಡ ಬೀಜವನ್ನೇ ಕಾಣದು. ‘ಆಫ್ರಿಕಾದ ತಳಿ’ ಎಂದು ಒಂದೇ ಗುಣವನ್ನು ಹುಡುಕುವುದು ವ್ಯರ್ಥ. ಪ್ರಯೋಗಾಲಯದಲ್ಲಿ ಟಿಎಚ್‌ಸಿವಿ ಎಂಬ ಅಂಶ ಹೆಚ್ಚಾಗಿ ಕಂಡರೆ ಅದು ದಕ್ಷಿಣ ಆಫ್ರಿಕಾ ಭಾಗದ ಸಸ್ಯಗಳಲ್ಲಿ ಹಿಂದಿನಿಂದಲೂ ದಾಖಲಾಗಿರುವ ಲಕ್ಷಣ. ಸುಳಿವು ಎನ್ನಬಹುದು, ಪುರಾವೆ ಎನ್ನಲಾಗದು.

ಡರ್ಬನ್ ಪಾಯ್ಸನ್ ಎಂಬ ಹೆಸರನ್ನು ದಯವಿಟ್ಟು ಬಿಟ್ಟುಬಿಡಿ. ಅದು ದಶಕಗಳಿಂದ ಯುರೋಪು ಮತ್ತು ಅಮೆರಿಕದ ಬೀಜ ವ್ಯಾಪಾರಿಗಳ ಕೈಯಲ್ಲಿ ಆಯ್ಕೆಯಾಗಿ, ಅಲ್ಲಿನ ಚಿಕ್ಕ ಬೇಸಿಗೆಗೆ ಹೊಂದಿಕೊಂಡು ಬಂದಿರುವ ಮಾರಾಟದ ಹೆಸರು. ನಿಮ್ಮ ಬಾಟಲಿಗೆ ಊರು, ನೀವು ಪಡೆದ ವರ್ಷ, ಇಬ್ಬರ ಎರಡು ಹೇಳಿಕೆಗಳು ಮತ್ತು ಚೀಟಿಯ ಫೋಟೊ, ಇಷ್ಟನ್ನು ಇದ್ದದ್ದು ಇದ್ದಂತೆ ದಾಖಲಿಸಿ ಒಂದು ಸಂಖ್ಯೆ ಕೊಡಿ. ತಾಯಿ ಒಂದು ಮಾತು, ಮಗ ಒಂದು ಮಾತು ಹೇಳಿದ್ದಾರೆಂದರೆ ಎರಡನ್ನೂ ಬರೆಯಬೇಕು. ನಿಮಗೆ ಹಿಡಿಸಿದ ಒಂದನ್ನಲ್ಲ.

ಇನ್ನು ಉಳಿಸುವ ಕ್ರಮ. ನಾವು ಮಂಡ್ಯದವರು ರಾಗಿಯ ಲೆಕ್ಕದಲ್ಲಿ ಯೋಚಿಸುತ್ತೇವೆ. ರಾಗಿಯೂ ಪೂರ್ವ ಆಫ್ರಿಕಾದ ಎತ್ತರದ ಸೀಮೆಯಿಂದ ಬಂದದ್ದೇ. ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ತೆಗೆದದ್ದು ಇಲ್ಲಿಯೇ. ಆದರೆ ರಾಗಿ ಸ್ವಕೀಯ ಪರಾಗಸ್ಪರ್ಶದ ಬೆಳೆ, ಒಂದೇ ತೆನೆಯಿಂದಲೂ ಆ ಸಾಲನ್ನು ಉಳಿಸಬಹುದು. ಗಾಂಜಾದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ, ಪರಾಗ ಒಯ್ಯುವುದು ಗಾಳಿ. ಇಲ್ಲಿ ತಳಿ ಎನ್ನುವುದು ಒಂದು ಗಿಡದಲ್ಲಿಲ್ಲ, ಇಡೀ ಗುಂಪಿನಲ್ಲಿದೆ. ಆ ಗುಂಪಿನಲ್ಲಿ ನೂರಕ್ಕೆ ಐದರ ಪ್ರಮಾಣದಲ್ಲಿರುವ ಒಂದು ವಂಶವಾಹಿ ರೂಪವು ನಿಮ್ಮ ಕೈಗೆ ಸಿಗುವ ಸಾಧ್ಯತೆ 4 ಗಿಡಗಳಿದ್ದರೆ ಶೇಕಡಾ 34, 8 ಗಿಡಗಳಿದ್ದರೆ ಶೇಕಡಾ 56, 30 ಗಿಡಗಳಿದ್ದರೆ ಶೇಕಡಾ 95.

ಗಂಡುಗಳ ಸಂಖ್ಯೆಯಲ್ಲಿ ಜನ ಎಡವುತ್ತಾರೆ. ಹತ್ತು ಗಿಡಗಳಲ್ಲಿ ಒಂದು ‘ಒಳ್ಳೆಯ’ ಗಂಡನ್ನು ಉಳಿಸಿ ಒಂಬತ್ತು ಹೆಣ್ಣುಗಳಿಗೆ ಅದರ ಪರಾಗ ಕೊಟ್ಟರೆ, ತಳಿಶಾಸ್ತ್ರದ ಲೆಕ್ಕದಲ್ಲಿ ಅದು ಹತ್ತು ಗಿಡಗಳ ಗುಂಪಲ್ಲ, 3.6 ಗಿಡಗಳ ಗುಂಪು; ಒಂದೇ ತಲೆಮಾರಿನಲ್ಲಿ ಶೇಕಡಾ 14ರಷ್ಟು ವೈವಿಧ್ಯ ಹೋಗುತ್ತದೆ. ಐದು ಗಂಡು, ಐದು ಹೆಣ್ಣು ಇದ್ದರೆ ನಷ್ಟ ಶೇಕಡಾ 5. ಆದ್ದರಿಂದ ಮೊದಲ ತಲೆಮಾರಿನಲ್ಲಿ ಆಯ್ಕೆ ಮಾಡಲೇಬೇಡಿ. ಸೊರಗಿದ್ದು, ಉದ್ದವಾದದ್ದು, ವಾಸನೆ ಹಿಡಿಸದ್ದು, ಎಲ್ಲವೂ ಇರಲಿ. ಪ್ರತಿ ಹೆಣ್ಣಿನಿಂದ ಸಮ ಸಂಖ್ಯೆಯ ಬೀಜ ಎಣಿಸಿ ಬೆರೆಸಿ. ಹೆಚ್ಚು ಬೀಜ ಕೊಟ್ಟ ಗಿಡವೇ ಮುಂದಿನ ಪೀಳಿಗೆಯನ್ನು ಆಳಬಾರದು.

ಉತ್ತರ 2: ಸುಮಾ, ಜೊಹಾನ್ಸ್‌ಬರ್ಗ್

ಹಳಬರು ಹೇಳಿದ ಲೆಕ್ಕ ಸರಿ, ಆದರೆ 30 ಗಿಡಗಳನ್ನು ಹಿತ್ತಲಲ್ಲಿ ನಿಲ್ಲಿಸಿದರೆ ಕಾನೂನಿನ ಮಿತಿ ಅಡ್ಡ ಬರಬಹುದು. ಮಿತಿಯನ್ನು ಮೊದಲು ನೋಡಿಕೊಂಡು, ಅದರೊಳಗೆ ಎಷ್ಟಾಗುತ್ತದೋ ಅಷ್ಟನ್ನು ಒಂದು ಹಂಗಾಮಿಗೆ ಬಿತ್ತಿ, ಎರಡು ಮೂರು ಹಂಗಾಮಿನ ಬೀಜಗಳನ್ನು ಕೊನೆಯಲ್ಲಿ ಒಟ್ಟುಗೂಡಿಸುವುದು ವಾಸಿ. ನಿಮ್ಮ ಬೀಜ ಮುದಿಯಾಗಿರುವುದರಿಂದ ಮೊದಲ ಹಂಗಾಮಿಗೇ ಹೆಚ್ಚು ಪಾಲು ಮೀಸಲಿಡಿ. ಮುಂದಿನ ವರ್ಷಕ್ಕೆ ಅದರಲ್ಲಿ ಎಷ್ಟು ಜೀವ ಉಳಿದೀತೋ ಹೇಳಲಾಗದು.

ಬಿತ್ತನೆಯನ್ನು ತಡಮಾಡಿ. ವಸಂತದಲ್ಲಿ, ಅಂದರೆ ನಮ್ಮ ಸೆಪ್ಟೆಂಬರಿನಲ್ಲಿ ಹಾಕಿದರೆ ಇಂಥ ಗಿಡಗಳು ಗೋಡೆ ದಾಟಿ ಬೆಳೆಯುತ್ತವೆ. ಜನವರಿ ಕೊನೆಯಲ್ಲಿ ಸಣ್ಣ ಕುಂಡಗಳಲ್ಲಿ ಹಾಕಿದರೆ ಹಗಲು ಆಗಲೇ ಕುಗ್ಗತೊಡಗಿರುವುದರಿಂದ ಸೊಂಟದೆತ್ತರದಲ್ಲೇ ಹೂಬಿಡುತ್ತವೆ, ಬೀಜಕ್ಕೆ ಅಷ್ಟು ಸಾಕು. ನಮ್ಮ ಕಡೆ ಮೇ ತಿಂಗಳಿಗೆಲ್ಲ ಇಬ್ಬನಿ ಹೆಪ್ಪುಗಟ್ಟಿ ಗಿಡ ಸುಟ್ಟುಹೋಗುತ್ತದೆ. ನಿಮ್ಮ ಕರಾವಳಿಗೆ ಆ ಭಯವಿಲ್ಲ. ಇನ್ನೊಂದು ಲಾಭವೂ ಉಂಟು. ನೆರೆಯವರ ಹೈಬ್ರಿಡ್‌ಗಳು ಮಾರ್ಚ್, ಏಪ್ರಿಲಿಗೆ ಕೊಯ್ಲಾಗಿ ಹೋದ ಮೇಲೆ ನಿಮ್ಮ ಗಿಡಗಳ ಹೂವು ಉಚ್ಛ್ರಾಯಕ್ಕೆ ಬರುತ್ತದೆ.

ಅದರ ಮೇಲೆ ಮಾತ್ರ ಭರವಸೆ ಇಡಬೇಡಿ. ಮೊರಾಕ್ಕೊದ ಗಾಂಜಾ ಪರಾಗ ಸಮುದ್ರ ದಾಟಿ ಸ್ಪೇನಿನ ಮಲಗಾದ ಗಾಳಿಯಲ್ಲಿ ದಾಖಲಾಗಿದೆ. ಅಷ್ಟು ದೂರ ಬಂದ ಪರಾಗಕ್ಕೆ ಬೀಜ ಕಟ್ಟಿಸುವ ಕಸುವು ಇರುತ್ತದೆಯೇ ಎಂಬುದು ಬೇರೆ ಮಾತು, ಆದರೆ ಎರಡು ಮನೆಯ ಅಂತರ ಅಂತರವೇ ಅಲ್ಲ. ಸೊಳ್ಳೆಪರದೆ ಕಟ್ಟಿ ಕೂರಬೇಡಿ; ಒಂದು ಪರಾಗಕಣದ ಅಳತೆ ಮಿಲಿಮೀಟರಿನ ನೂರರಲ್ಲಿ ಮೂರು ಭಾಗ, ಪರದೆಯ ಕಣ್ಣು ಒಂದು ಮಿಲಿಮೀಟರಿಗೂ ದೊಡ್ಡದು. ಹೆಣ್ಣು ಗಿಡದ ಎರಡು ಮೂರು ರೆಂಬೆಗಳಿಗೆ ಹೂವು ಮೂಡುವ ಮುನ್ನವೇ ಕಾಗದದ ಚೀಲ ತೊಡಿಸಿ, ಬುಡದಲ್ಲಿ ಹತ್ತಿ ಸುತ್ತಿ ದಾರ ಕಟ್ಟಿ. ಗಂಡು ಗಿಡಗಳನ್ನು ಮನೆಯೊಳಗೆ ಕಿಟಕಿಯ ಬಳಿ ಇಟ್ಟು, ಪ್ರತಿ ಗಂಡಿನ ಪರಾಗವನ್ನು ಬೇರೆ ಕಾಗದದ ಮೇಲೆ ಉದುರಿಸಿಕೊಂಡು, ಸಮಸಮ ಬೆರೆಸಿ, ಗಾಳಿಯಿಲ್ಲದ ಬೆಳಗಿನ ಹೊತ್ತು ಮೆತ್ತನೆಯ ಕುಂಚದಿಂದ ಚೀಲದೊಳಗಿನ ಹೂವುಗಳಿಗೆ ಸವರಿ ಮತ್ತೆ ಕಟ್ಟಿಬಿಡಿ. ಬೀಜ ಬಲಿಯಲು ನಾಲ್ಕರಿಂದ ಆರು ವಾರ ಬೇಕು.

ಗಂಡುಗಳನ್ನು ಒಳಗಿಡುವುದು ನೆರೆಯವರ ಮೇಲಿನ ಸೌಜನ್ಯವೂ ಹೌದು. ಬೀಜವಿಲ್ಲದ ಹೂವಿಗಾಗಿ ತಿಂಗಳುಗಟ್ಟಲೆ ಕಾದವರ ಗಿಡಕ್ಕೆ ನಿಮ್ಮ ಪರಾಗ ಬಿದ್ದರೆ ಜಗಳ ಗ್ಯಾರಂಟಿ!

ಉತ್ತರ 3: ಬೀಜ ಬುತ್ತಿ, ಧಾರವಾಡ

ನಾನು ಜೋಳ ಮತ್ತು ತರಕಾರಿಗಳ ಜವಾರಿ ಬೀಜ ಸಂಗ್ರಹಿಸುವವನು. ಈ ಗಿಡದ ಅನುಭವವಿಲ್ಲ, ಆದರೂ ಒಂದು ಭಿನ್ನಾಭಿಪ್ರಾಯವಿದೆ. ಜವಾರಿ ತಳಿ ಎನ್ನುವುದು ಬೀಜ, ನೆಲ, ಬೆಳೆಯುವ ಜನ ಮೂರೂ ಸೇರಿದ್ದು. ಈ ಗಿಡ ಆಫ್ರಿಕಾದಲ್ಲಿ ಹುಟ್ಟಿದ್ದಲ್ಲ. ಏಷ್ಯಾದಿಂದ ಹಿಂದೂ ಮಹಾಸಾಗರದ ವ್ಯಾಪಾರದ ಜೊತೆ ಪೂರ್ವ ತೀರಕ್ಕೆ ಬಂತು, ಇಥಿಯೋಪಿಯಾದಲ್ಲಿ 14ನೇ ಶತಮಾನದ ಚಿಲುಮೆಗಳಲ್ಲಿ ಅದರ ಅಂಶ ಸಿಕ್ಕಿದೆ. ಅಲ್ಲಿಂದ ದಕ್ಷಿಣದವರೆಗೆ ಅದನ್ನು ಅಲ್ಲಿನ ತಳಿಯನ್ನಾಗಿ ಮಾಡಿದ್ದು ತಲೆಮಾರುಗಳ ರೈತರ ಕೈ. ಪೋರ್ಟ್ ಸೇಂಟ್ ಜಾನ್ಸ್ ಸುತ್ತಲಿನ ಪೊಂಡೋಲ್ಯಾಂಡ್ ಸೀಮೆಯ ಕಣಿವೆಗಳಲ್ಲಿ ಬಡ ಕುಟುಂಬಗಳು ಮಕ್ಕಳ ಶಾಲೆಯ ಖರ್ಚನ್ನು ಇದರಿಂದಲೇ ತೂಗಿಸಿದವು. ಪೊಲೀಸರು ಹೆಲಿಕಾಪ್ಟರಿನಿಂದ ಅವರ ಹೊಲಗಳ ಮೇಲೆ ಗ್ಲೈಫೊಸೇಟ್ ಎಂಬ ಕಳೆನಾಶಕ ಸಿಂಪಡಿಸಿದರು. ಈಗ ಕಾನೂನು ಸಡಿಲವಾದಾಗ ಪೇಟೆಯ ಹೈಬ್ರಿಡ್ ಬೀಜ ಬಂದು ಅದೇ ಹೊಲಗಳ ತಳಿಯನ್ನು ಕೆಡಿಸುವ ಅಪಾಯ ಎದುರಾಗಿದೆ.

ಮೊರಾಕ್ಕೊದ ರಿಫ್ ಬೆಟ್ಟಗಳಲ್ಲಿ ಇದು ಆಗಿಹೋಗಿದೆ. ಅಲ್ಲಿನ ‘ಬೆಲ್ದಿಯಾ’ ತಳಿ ಮಳೆಯನ್ನೇ ನೆಚ್ಚಿ ಬೆಳೆಯುತ್ತಿತ್ತು. ‘ಖರ್ದಾಲಾ’ ಮುಂತಾದ ಹೈಬ್ರಿಡ್‌ಗಳು ಬಂದ ಮೇಲೆ ಇಳುವರಿ ಏರಿತು, ಜೊತೆಗೆ ನೀರಿನ ದಾಹವೂ ಏರಿತು. 2021ರ ಕಾನೂನು ಔಷಧ ಮತ್ತು ಕೈಗಾರಿಕೆಗಾಗಿ ಬೆಳೆಯಲು ಅನುಮತಿ ಕೊಟ್ಟಿತು. ಬೆಲ್ದಿಯಾವನ್ನು ಕಾನೂನಿನ ಚೌಕಟ್ಟಿಗೆ ತರುವ ಪ್ರಯತ್ನ ಆಮೇಲೆ ಬಂತು. ಒಂದು ಹಿತ್ತಲಿನ ಬಾಟಲಿ ಇಂಥ ಸಾಲನ್ನು ಉಳಿಸಿತೆಂದು ಹೇಳಿಕೊಳ್ಳುವುದು ಉತ್ಪ್ರೇಕ್ಷೆ ಎನಿಸುತ್ತದೆ. ಪೋರ್ಟ್ ಸೇಂಟ್ ಜಾನ್ಸ್ ನಿಮಗೆ ಅದೇ ದೇಶದ ಊರು. ಅಲ್ಲಿನ ಹಿರಿಯ ರೈತರನ್ನು ಕಂಡು, ಅವರ ಗಿಡದ ಪಕ್ಕದಲ್ಲಿ ನಿಮ್ಮದನ್ನು ಹೋಲಿಸಿ ನೋಡದೆ ಮೂಲದ ಪ್ರಶ್ನೆ ಎಂದೂ ಬಗೆಹರಿಯದು.

ಡರ್ಬನ್ ಕನ್ನಡಿಗ

ಮೂವರಿಗೂ ಧನ್ಯವಾದ. ಬೀಜವನ್ನು ಉಜ್ಜಿ ನೋಡಿದೆ. ಪಟ್ಟೆ ಎದ್ದುಹೋಯಿತು, ಆದರೆ ದಪ್ಪ ಬೀಜ ದಪ್ಪವಾಗಿಯೇ ಉಳಿಯಿತು. ಹಾಗಿದ್ದರೆ ಎರಡನ್ನೂ ಬೇರೆಬೇರೆ ಬಿತ್ತಲೇ, ಬೆರೆಸಲೇ? ಧಾರವಾಡದವರ ಮಾತು ಒಪ್ಪುತ್ತೇನೆ, ಆ ಕಡೆ ಹೋಗಿ ಬರುವ ಮನಸ್ಸಿದೆ; ಆದರೆ ಅಷ್ಟರೊಳಗೆ ಬೀಜ ಸಾಯಬಾರದಲ್ಲ. ಹೊಸ ಬೀಜ ಬಂದ ಮೇಲೆ ಅದನ್ನು ನಮ್ಮ ಕರಾವಳಿಯ ಈ ತೇವದಲ್ಲಿ ಇಡುವುದು ಹೇಗೆ?

ಮಂಡ್ಯದ ಹಳಬ

ಬೇರೆಬೇರೆ ಬಿತ್ತಿ, ಬೇರೆಬೇರೆ ಗುರುತು ಹಾಕಿ, ಪರಾಗವನ್ನೂ ಬೇರೆಯಾಗಿಯೇ ಇಡಿ. ಒಂದಾಗಿ ಬೆರೆಸುವುದು ಯಾವಾಗ ಬೇಕಾದರೂ ಆಗುತ್ತದೆ, ಬೆರೆತದ್ದನ್ನು ಬಿಡಿಸುವುದು ಆಗದ ಕೆಲಸ. ದಪ್ಪ ಬೀಜದ ಗಿಡಗಳಲ್ಲಿ ಹೈಬ್ರಿಡ್ ಲಕ್ಷಣ ಕಂಡರೆ ಆ ಭಾಗವನ್ನು ಮಾತ್ರ ಕೈಬಿಡಬಹುದು. ಧಾರವಾಡದವರು ಹೇಳಿದ ಹೋಲಿಕೆಯನ್ನು ನಾನೂ ಒಪ್ಪುತ್ತೇನೆ, ಆದರೆ ಹೋಲಿಸಲಿಕ್ಕೂ ಜೀವಂತ ಬೀಜ ಬೇಕಲ್ಲ.

ಶೇಖರಣೆಗೆ ಹಳೆಯ ಸೂತ್ರವೊಂದಿದೆ: ಬೀಜದ ತೇವಾಂಶ ಶೇಕಡಾ 1 ಇಳಿದಂತೆಲ್ಲ ಅದರ ಆಯಸ್ಸು ದುಪ್ಪಟ್ಟಾಗುತ್ತದೆ, ತಾಪಮಾನ 5 ಡಿಗ್ರಿ ಇಳಿದಂತೆಲ್ಲ ಮತ್ತೆ ದುಪ್ಪಟ್ಟಾಗುತ್ತದೆ. ಬಿಸಿಲಿನಲ್ಲಿ ಹರಡಬೇಡಿ. ನೆರಳಿನಲ್ಲಿ ಆರಿಸಿ, ಕಾಗದದ ಕವರಿನಲ್ಲಿ ಹಾಕಿ, ಬೀಜದಷ್ಟೇ ತೂಕದ ಸಿಲಿಕಾ ಜೆಲ್ ಜೊತೆ ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ಇಡಿ; ಜೆಲ್ಲಿನ ಬಣ್ಣ ಬದಲಾದರೆ ಹೊಸದು ಹಾಕಿ. ಹಲ್ಲಿನಲ್ಲಿ ಕಚ್ಚಿದಾಗ ಬೀಜ ಚಪ್ಪಟೆಯಾಗದೆ ಪಟ್ಟನೆ ಒಡೆಯಬೇಕು. ಆಮೇಲೆ ಫ್ರಿಜ್ಜಿಗೆ. ಚೆನ್ನಾಗಿ ಒಣಗಿದ ಬೀಜವಾದರೆ ಒಂದು ಪಾಲನ್ನು ಫ್ರೀಜರಿನಲ್ಲೂ ಇಡಬಹುದು, ಬೀಜ ಭಂಡಾರಗಳು ಮೈನಸ್ 18 ಡಿಗ್ರಿಯಲ್ಲಿ ಇಡುತ್ತವೆ. ಹಸಿ ಬೀಜ ಅಲ್ಲಿ ಹೋದರೆ ಒಳಗೆ ಮಂಜುಗಟ್ಟಿ ಸಾಯುತ್ತದೆ. ಹೊರತೆಗೆದಾಗ ಬಾಟಲಿ ಕೋಣೆಯ ಶಾಖಕ್ಕೆ ಬರುವವರೆಗೆ ಮುಚ್ಚಳ ತೆರೆಯಬೇಡಿ, ತೆರೆದರೆ ನಿಮ್ಮ ಡರ್ಬನ್ನಿನ ಗಾಳಿಯ ನೀರೆಲ್ಲ ಬೀಜದ ಮೇಲೆ ಕೂರುತ್ತದೆ. ಮೂಲ ಬಾಟಲಿಯ ಬೀಜದಲ್ಲಿ ಒಂದು ಹಿಡಿಯನ್ನು, ಮೊಳೆಯದಿದ್ದರೂ ಸರಿ, ಎಸೆಯದೆ ಹಾಗೆಯೇ ಒಣಗಿಸಿ ಇಟ್ಟುಕೊಳ್ಳಿ. ಸತ್ತ ಬೀಜದಿಂದಲೂ ಡಿಎನ್‌ಎ ತೆಗೆಯಲು ಸಾಧ್ಯವಿದೆ.