ಆಂಪ್ಲಿಫೈಯರ್ ಸುಟ್ಟುಹೋದ ಸ್ಪೀಕರ್ ಜೋಡಿಯನ್ನು ಪ್ಯಾಸಿವ್ ಮಾಡಿಕೊಳ್ಳಬಹುದೇ?

ಪ್ರಶ್ನೆ:
ಮಾನ್ಯರೇ, ನನ್ನ ಬಳಿ ಕಂಪ್ಯೂಟರಿಗೆ ಜೋಡಿಸುವ ಹಳೆಯ ಸ್ಪೀಕರ್ ಜೋಡಿಯೊಂದಿದೆ. ಎರಡು ಪೆಟ್ಟಿಗೆಗಳಲ್ಲೂ 4 ಇಂಚಿನ ವೂಫರ್ (ತಗ್ಗು ಸ್ವರ ನುಡಿಸುವುದು) ಮತ್ತು ಒಂದು ಟ್ವೀಟರ್ (ಮೇಲು ಸ್ವರ ನುಡಿಸುವುದು) ಇವೆ. ಆಂಪ್ಲಿಫೈಯರ್ ಬಲಗಡೆಯ ಪೆಟ್ಟಿಗೆಯಲ್ಲಿದ್ದು, ಎಡಗಡೆಯದಕ್ಕೆ ಅಲ್ಲಿಂದ ಎರಡೆಳೆಯ ತಂತಿಯೊಂದು ಹೋಗುತ್ತದೆ. ಕಳೆದ ಮಳೆಗಾಲದಲ್ಲಿ ಸಿಡಿಲು ಬಡಿದ ರಾತ್ರಿ ಆಂಪ್ಲಿಫೈಯರ್ ಸುಟ್ಟಿತು; ಅದರ ಐಸಿ (ಚಿಪ್) ಈಗ ಸಿಗುವುದಿಲ್ಲವೆಂದು ರಿಪೇರಿಯವರು ಕೈಚೆಲ್ಲಿದರು. ಪೆಟ್ಟಿಗೆಗಳನ್ನು ಪ್ಯಾಸಿವ್ ಮಾಡಿ, ಅಂದರೆ ಒಳಗೆ ಆಂಪ್ಲಿಫೈಯರ್ ಇಲ್ಲದಂತೆ ಮಾಡಿ, ಟಿಪಿಎ3116 ಎಂಬ ಆಂಪ್ಲಿಫೈಯರ್ ಐಸಿಯ ಬೋರ್ಡನ್ನು ಹೊರಗಿನಿಂದ ಜೋಡಿಸಬಹುದೇ? ಸ್ಪೀಕರಿನ ಮೇಲೆ 20 ವ್ಯಾಟ್ ಎಂದಿದೆ, ಬೋರ್ಡಿನ ಮೇಲೆ 50 ವ್ಯಾಟ್ ಎಂದಿದೆ.

ಉತ್ತರ 1:
ಜೋಡಿಸಬಹುದು. ಎಡಗಡೆಯ ಪೆಟ್ಟಿಗೆಗೆ ಎರಡೇ ಎಳೆ ಹೋಗುತ್ತವೆ, ಆದರೂ ಅದರಲ್ಲಿ ವೂಫರ್ ಮತ್ತು ಟ್ವೀಟರ್ ಎರಡೂ ನುಡಿಯುತ್ತಿದ್ದವು ಎಂದ ಮೇಲೆ ಧ್ವನಿಯನ್ನು ಪಾಲು ಮಾಡುವ ಕ್ರಾಸ್‌ಓವರ್ ಆ ಪೆಟ್ಟಿಗೆಯೊಳಗೇ ಇರಬೇಕು. ನಾಲ್ಕು ಎಳೆಗಳಿದ್ದಿದ್ದರೆ ಮಾತು ಬೇರೆಯಾಗುತ್ತಿತ್ತು: ಪ್ರತಿಯೊಂದು ಘಟಕಕ್ಕೂ ಪ್ರತ್ಯೇಕ ಆಂಪ್ಲಿಫೈಯರ್ ಇರುವ ಸ್ಟುಡಿಯೋ ಮಾನಿಟರುಗಳಲ್ಲಿ (ರೆಕಾರ್ಡಿಂಗ್ ಸ್ಟುಡಿಯೋದ ಸ್ಪೀಕರುಗಳಲ್ಲಿ) ಪಾಲು ಮಾಡುವ ಕೆಲಸ ಆಂಪ್ಲಿಫೈಯರಿಗಿಂತ ಮೊದಲೇ ಮುಗಿದಿರುತ್ತದೆ. ಅಂಥವುಗಳಿಂದ ಬೋರ್ಡನ್ನು ಕಿತ್ತು ಟ್ವೀಟರನ್ನು ನೇರವಾಗಿ ಜೋಡಿಸಿದರೆ ಅದು ಬೇಗನೆ ಸುಟ್ಟುಹೋಗಬಹುದು. ಬಲಗಡೆಯದನ್ನು ಬಿಚ್ಚುವಾಗ ಎಚ್ಚರವಿರಲಿ. ಒಳಗೆ ಎಸ್‌ಎಂಪಿಎಸ್ (ಸ್ವಿಚಿಂಗ್ ಬಗೆಯ ಪವರ್ ಸಪ್ಲೈ) ಇದ್ದರೆ, ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಅದರ ದೊಡ್ಡ ಕೆಪಾಸಿಟರಿನಲ್ಲಿ, ಪ್ಲಗ್ ತೆಗೆದ ಮೇಲೂ, 300 ವೋಲ್ಟಿಗಿಂತ ಹೆಚ್ಚು ಉಳಿದಿರಬಹುದು.

ಉತ್ತರ 2:
ಬೋರ್ಡಿನ ಮೇಲಿನ 50 ವ್ಯಾಟ್ ಎಂಬುದು ಸುಮಾರು 21 ವೋಲ್ಟ್ ಕೊಟ್ಟು, 4 ಓಮ್ ಸ್ಪೀಕರ್ ಜೋಡಿಸಿ, ಧ್ವನಿಯಲ್ಲಿ ಶೇಕಡಾ 10ರಷ್ಟು ವಿಕೃತಿಯನ್ನು ಸಹಿಸಿಕೊಂಡಾಗ ಬರುವ ಸಂಖ್ಯೆ. ನೀವು 12 ವೋಲ್ಟಿನ ಅಡಾಪ್ಟರ್ ಬಳಸಿದರೆ 4 ಓಮ್‌ಗೆ ಲೆಕ್ಕದಲ್ಲೇ 18 ವ್ಯಾಟಿಗಿಂತ ಹೆಚ್ಚು ಶುದ್ಧ ಧ್ವನಿ ಹೋಗಲಾರದು. ಮನೆಯ ಕೋಣೆಗೆ ಅದು ಧಾರಾಳವಾಯಿತು. 4 ಆಂಪಿಯರಿನ ಅಡಾಪ್ಟರ್ ಇರಲಿ. ಇದಕ್ಕಿಂತ ಮುಖ್ಯವಾದದ್ದೆಂದರೆ, ಈ ಐಸಿಯಲ್ಲಿ ಪ್ರತಿ ಚಾನೆಲ್ಲಿನ ಎರಡೂ ತುದಿಗಳಲ್ಲಿ ಸಂಕೇತವಿರುತ್ತದೆ. ಆದ್ದರಿಂದ ಎಡ-ಬಲದ ಮೈನಸ್‌ಗಳನ್ನು ಒಂದಕ್ಕೊಂದು ಸೇರಿಸುವುದಾಗಲಿ ನೆಲತಂತಿಗೆ ಮುಟ್ಟಿಸುವುದಾಗಲಿ ಕೂಡದು. ಹಳೆಯ ಬೋರ್ಡಿನಲ್ಲಿ ಅವು ಒಂದೇ ಆಗಿದ್ದಿರಬಹುದು. ಆ ಅಭ್ಯಾಸದಿಂದ ನಾನೇ ಒಂದು ಬೋರ್ಡನ್ನು ಕಳೆದುಕೊಂಡಿದ್ದೇನೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಎರಡನ್ನೂ ಬಿಚ್ಚಿದೆ. ಕ್ರಾಸ್‌ಓವರ್ ಎಂದರೆ ಟ್ವೀಟರಿನ ತಂತಿಯಲ್ಲಿ 4.7 ಮೈಕ್ರೋಫ್ಯಾರಡಿನ ಒಂದು ಕೆಪಾಸಿಟರ್, ಅಷ್ಟೇ. ವೂಫರ್ ಮಲ್ಟಿಮೀಟರಿನಲ್ಲಿ 3.4 ಓಮ್ ತೋರಿಸುತ್ತದೆ. ಟ್ವೀಟರ್ ಮಾತ್ರ ಎರಡು ಪೆಟ್ಟಿಗೆಗಳಲ್ಲೂ ಏನನ್ನೂ ತೋರಿಸುತ್ತಿಲ್ಲ. ಎರಡೂ ಹೋಗಿವೆಯೇ?

ಉತ್ತರ 1:
ಹೋಗಿರಲಾರವು. ಮೀಟರ್ ಅಳೆಯುವುದು ನೇರ ವಿದ್ಯುತ್ತಿನಿಂದ, ಅದನ್ನು ಕೆಪಾಸಿಟರ್ ತಡೆಯುತ್ತದೆ. ಕೆಪಾಸಿಟರನ್ನು ಬಿಟ್ಟು ಟ್ವೀಟರಿನ ಎರಡು ಕಾಲುಗಳಲ್ಲೇ ಅಳೆಯಿರಿ. 5 ಓಮ್‌ನ ಆಸುಪಾಸು ಬಂದರೆ ಅದು 6 ಓಮ್‌ನದು, ಕೆಪಾಸಿಟರ್ ಅದಕ್ಕೆ ಸುಮಾರು 5,600 ಹರ್ಟ್ಸ್‌ನ ಮೇಲಿನದನ್ನು ಬಿಡುತ್ತಿದೆ ಎಂದಾಯಿತು. ಸ್ಪೀಕರ್ ಸುರುಳಿಯ ಅಳತೆ ಹೆಸರಿಗೆ ಹೇಳುವ ಓಮ್‌ಗಿಂತ ಸ್ವಲ್ಪ ಕಡಿಮೆಯೇ ಇರುವುದರಿಂದ ನಿಮ್ಮ ವೂಫರ್ 4 ಓಮ್‌ನದು. ಪ್ಲಸ್ ಯಾವುದೆಂಬ ಅನುಮಾನವಿದ್ದರೆ 1.5 ವೋಲ್ಟಿನ ಸೆಲ್ಲನ್ನು ವೂಫರಿಗೆ ಕ್ಷಣಮಾತ್ರ ಮುಟ್ಟಿಸಿ. ಕೋನ್ ಮುಂದಕ್ಕೆ ಬಂದರೆ ಸೆಲ್ಲಿನ ಪ್ಲಸ್ ಮುಟ್ಟಿದ ಕಾಲೇ ಪ್ಲಸ್. ಟ್ವೀಟರಿಗೆ ಈ ಪರೀಕ್ಷೆ ಬೇಡ.

ಉತ್ತರ 3:
ಒಂದು ಮಾತು ಸೇರಿಸುತ್ತೇನೆ. ಇಂಥ ಸಣ್ಣ ಪೆಟ್ಟಿಗೆಗಳ ಕೊರತೆಯನ್ನು ಮುಚ್ಚಲು ತಯಾರಕರು ಮೂಲ ಆಂಪ್ಲಿಫೈಯರಿನಲ್ಲೇ ಬೇಸನ್ನು (ತಗ್ಗು ಸ್ವರವನ್ನು) ಹೆಚ್ಚಿಸಿಟ್ಟಿರುವುದುಂಟು. ಹೊಸ ಬೋರ್ಡಿನಲ್ಲಿ ಅದಿಲ್ಲದ ಕಾರಣ ಮೃದಂಗದ ಎಡಮುಖದ ನಾದ ಬಡವಾದಂತೆ ಕೇಳಿಸಬಹುದು. ಕಂಪ್ಯೂಟರಿನ ಈಕ್ವಲೈಸರಿನಲ್ಲಿ ಮೆಲ್ಲಗೆ ಸರಿಪಡಿಸಿಕೊಳ್ಳಿ. ಹಳೆಯ ಬೋರ್ಡಿನ ಫಲಕ ತೆಗೆದ ಕಿಂಡಿಯನ್ನು ಮಾತ್ರ ಹಾಗೆಯೇ ಬಿಡಬೇಡಿ. ಗಾಳಿ ಸೋರಿದರೆ ಬಲಗಡೆಯದು ಎಡಗಡೆಯದಕ್ಕಿಂತ ತೆಳುವಾಗಿ ನುಡಿಯುತ್ತದೆ. ಅದೇ ಅಳತೆಯ ಪ್ಲೈವುಡ್ ತುಂಡಿಗೆ ಎರಡು ಟರ್ಮಿನಲ್ ಕೂರಿಸಿ, ಅಂಚಿಗೆ ಫೋಮ್ ಪಟ್ಟಿ ಹಚ್ಚಿ, ಸ್ಕ್ರೂ ಬಿಗಿದರೆ ಸಾಕು.