ಕೈಗಾ ಫಾರ್ವರ್ಡ್: ನಮ್ಮ ಮನೆ ಗುಂಪಿನಲ್ಲಿ ನಡೆದ ಮಾತು

ಹುಬ್ಬಳ್ಳಿ ಭಾವ: (ಫಾರ್ವರ್ಡ್) ಕೈಗಾ ಅಣುವಿದ್ಯುತ್ ಸ್ಥಾವರದ 5 ಮತ್ತು 6ನೇ ಘಟಕ ಬೇಡ ಎನ್ನುವವರೆಲ್ಲ ಹೊರಗಿನ ದುಡ್ಡು ತಿಂದವರು. ಇಷ್ಟು ವರ್ಷದಲ್ಲಿ ಅಲ್ಲಿ ಒಂದೇ ಒಂದು ತೊಂದರೆ ಆಗಿಲ್ಲ. ದೇಶದ ಮೇಲೆ ಪ್ರೀತಿ ಇದ್ದರೆ ಹತ್ತು ಗುಂಪಿಗೆ ಕಳಿಸಿ.

ಶಿರಸಿ ಅಕ್ಕ: ಬೆಳಿಗ್ಗೆ ಬೆಳಿಗ್ಗೆ ಇದೇನು ಭಾವ? ಕಾರವಾರದಲ್ಲಿ ಮನೆಗೊಬ್ಬರಿಗೆ ಕ್ಯಾನ್ಸರ್ ಬರುತ್ತಿರುವುದು ಯಾವುದರಿಂದ ಅಂತ ಎಲ್ಲರಿಗೂ ಗೊತ್ತು.

ಹುಬ್ಬಳ್ಳಿ ಭಾವ: ಅದು ನಿನ್ನ ಅಭಿಪ್ರಾಯ, ಇದು ನನ್ನ ಅಭಿಪ್ರಾಯ. ಅಲ್ಲಿಗೆ ಮುಗಿಯಿತು.

ನಾನು: ಮುಗಿಯಲಿಲ್ಲ ಭಾವ. ಹೊಸ ಘಟಕ ಬೇಕು ಅನ್ನಿ, ಅದು ಅಭಿಪ್ರಾಯ. ನಾನು ಬೇಡ ಅಂದರೆ ಅದೂ ಅಭಿಪ್ರಾಯ. ದುಡ್ಡು ತಿಂದಿದ್ದಾರೆ ಅನ್ನುವುದು ಆರೋಪ, ಯಾರು, ಎಷ್ಟು ಅಂತ ಹೇಳಬೇಕು. ತೊಂದರೆ ಆಗಿಲ್ಲ ಅನ್ನುವುದನ್ನು ಹುಡುಕಿ ನೋಡಬಹುದು. 1994ರ ಮೇ ತಿಂಗಳಲ್ಲಿ, ಇನ್ನೂ ಕಟ್ಟುತ್ತಿದ್ದಾಗಲೇ, ಒಂದನೇ ಘಟಕದ ಒಳಗುಮ್ಮಟದ ಕಾಂಕ್ರೀಟ್ ಕಳಚಿ ಬಿತ್ತು. ಆಗ ಒಳಗೆ ಇಂಧನ ಇರಲಿಲ್ಲ, ನಮ್ಮ ಪುಣ್ಯ. 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಕೂಲರಿಗೆ ವಿಕಿರಣ ಸೂಸುವ ಟ್ರಿಟಿಯಂ ಸೇರಿ 50ಕ್ಕೂ ಹೆಚ್ಚು ಕೆಲಸಗಾರರ ಮೈಗೆ ಹೋಯಿತು, ಯಾರೋ ಬೇಕಂತಲೇ ಬೆರೆಸಿದ್ದು ಅಂತ ಅಧಿಕಾರಿಗಳೇ ಹೇಳಿದರು.

ನಾನು: ಅಕ್ಕಾ, ನಿನಗೂ ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡ. ಅದೇ ಒಂದನೇ ಘಟಕ 962 ದಿನ ನಿಲ್ಲದೆ ಓಡಿ 2018ರ ಡಿಸೆಂಬರ್ 31ಕ್ಕೆ ನಿಂತಿತು, ಆಗ ಅದು ವಿಶ್ವದಾಖಲೆ. ಅದನ್ನು ಮುಚ್ಚಿಟ್ಟು ಮಾತಾಡಿದರೆ ನಮಗೂ ಈ ಫಾರ್ವರ್ಡಿಗೂ ಏನು ವ್ಯತ್ಯಾಸ? ಅಮ್ಮ ಹೋದದ್ದು ಕ್ಯಾನ್ಸರಿನಿಂದ, ನನಗೂ ಭಯವಿದೆ. ಆದರೆ ಮನೆಗೊಬ್ಬರು ಅಂತ ಎಣಿಸಿದವರು ಯಾರು?

ಶಿರಸಿ ಅಕ್ಕ: ಅಂದರೆ ಲೆಕ್ಕ ಗೊತ್ತಿಲ್ಲದವರು ಬಾಯಿ ಮುಚ್ಚಿಕೊಂಡು ಕೂರಬೇಕಾ?

ನಾನು: ಖಂಡಿತ ಇಲ್ಲ. ಭಯ ಆಗುತ್ತಿದೆ, ಲೆಕ್ಕ ತೋರಿಸಿ ಅಂತ ಕೇಳು, ನಾನೂ ಜೊತೆಗೆ ಬರುತ್ತೇನೆ. ಬೇಡ್ತಿ ನದಿಗೆ ಅಣೆಕಟ್ಟು ಕಟ್ಟಲು ಹೊರಟ ಹೊತ್ತಿಗೆ ನಿಮ್ಮೂರಿನವರು ಮಾಡಿದ್ದು ಅದನ್ನೇ ಅಲ್ವಾ? ತೋಟ ಮುಳುಗುತ್ತದೆ ಅನ್ನುವ ಸಂಕಟ ಮೊದಲು ಬಂತು, ಆಮೇಲೆ 1981ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಘವಾದ ಟಿಎಸ್ಎಸ್‌ನವರು ವಿಜ್ಞಾನಿಗಳನ್ನು ಶಿರಸಿಗೇ ಕರೆಸಿ ಲಾಭ ನಷ್ಟ ಎರಡನ್ನೂ ಎಲ್ಲರೆದುರು ಚರ್ಚೆಗೆ ಇಟ್ಟರು. ಯೋಜನೆ ನಿಂತಿತು. ಕೈಗಾ ನಿಲ್ಲಲಿಲ್ಲ. 1989ರಲ್ಲಿ ಶಿವರಾಮ ಕಾರಂತರು 87ನೇ ವಯಸ್ಸಿನಲ್ಲಿ ನಮ್ಮ ಕೆನರಾ ಕ್ಷೇತ್ರದಿಂದ ಲೋಕಸಭೆಗೆ ನಿಂತು, ಕೈಗಾ ಬೇಡ ಅಂತ ಊರೂರಿಗೆ ಹೇಳಿ ಸೋತರು. ಅವರೂ ದುಡ್ಡು ತಿಂದವರಾ ಭಾವ?

ಹುಬ್ಬಳ್ಳಿ ಭಾವ: ಕಾರಂತರ ವಿಷಯ ಬೇರೆ. ನಾನು ಕೇಳುವುದು ಇಷ್ಟೇ, ಎಲ್ಲರಿಗೂ ಕರೆಂಟ್ ಬೇಕು, ಸ್ಥಾವರ ಮಾತ್ರ ಬೇಡ ಅಂದರೆ ಹೇಗೆ?

ನಾನು: ಇದು ಕೇಳಬೇಕಾದ ಪ್ರಶ್ನೆ. ಸುಮ್ನೆ ಆ ಫಾರ್ವರ್ಡ್ ಹಾಕುವ ಬದಲು ಇದನ್ನೇ ಕೇಳಿದ್ದರೆ ನಾನು ಇಷ್ಟು ಸಿಟ್ಟಾಗುತ್ತಿರಲಿಲ್ಲ. ಈಗ ಇರುವ ನಾಲ್ಕು ಘಟಕ ತಲಾ 220 ಮೆಗಾವ್ಯಾಟ್, ಹೊಸವು ತಲಾ 700. ದೇಶಕ್ಕೆ ಕರೆಂಟ್ ಬೇಕು, ಒಪ್ಪುತ್ತೇನೆ. ಆದರೆ ಕಾಳಿ ಒಂದೇ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟು, ಕೈಗಾ ಸ್ಥಾವರ ಎಲ್ಲ ಆಗಿದೆ. ಇನ್ನು ಸಾಕು ಅನ್ನುವುದು ನನ್ನ ಅಭಿಪ್ರಾಯ. ಯಾಕೆ ತಪ್ಪು ಅಂತ ಹೇಳಿ, ಕೇಳುತ್ತೇನೆ.

ಕದ್ರಾ ಮಾವ: ಗದ್ದೆಯಲ್ಲಿದ್ದೆ, ಈಗಷ್ಟೇ ಎಲ್ಲ ಓದಿದೆ. ಅಣೆಕಟ್ಟಿಗೆ ಅಂತ ನಮ್ಮ ಮನೆ ಎಬ್ಬಿಸಿದಾಗ ನನಗೆ 30 ವರ್ಷ. ಬೇಕಾ, ಬೇಡವಾ ಅಂತ ಯಾರೂ ಕೇಳಿರಲಿಲ್ಲ. ಹೊಸ ಘಟಕದ ಬಗ್ಗೆ 2018ರ ಡಿಸೆಂಬರಿನಲ್ಲಿ ಮಲ್ಲಾಪುರದಲ್ಲಿ ಸಭೆ ಕರೆದು ಕೇಳಿದರು. ಬೇಡ ಅಂತ ಕೈ ಎತ್ತಿದವರಲ್ಲಿ ನಾನೂ ಒಬ್ಬ ಅಳಿಯಂದಿರೇ. ಬಸ್ಸಿನ ದುಡ್ಡೂ ನನ್ನ ಕೈಯಿಂದಲೇ ಕೊಟ್ಟು ಹೋಗಿದ್ದೆ.

ಹುಬ್ಬಳ್ಳಿ ಭಾವ: ನನಗೆ ಗೊತ್ತಿರಲಿಲ್ಲ ಮಾವ. ಸಂಜೆ ಫೋನ್ ಮಾಡುತ್ತೇನೆ.